ಅಕ್ಷರ ಒಡೆದ್ರೆ, ಲೇಬಲ್ ಜಾರಿದ್ರೆ, ಲಕೋಟೆ ವಾಪಸ್ ಬಂದ್ರೆ: ಪ್ರಿಂಟಿಂಗ್ ಮತ್ತೆ ಬಲ್ಕ್ ಪೋಸ್ಟಿಂಗ್‌ನ ದೋಷ ಹುಡುಕೋ ಕೈಪಿಡಿ

ಆಗಸ್ಟ್ ಬಂತು ಅಂದ್ರೆ ಸಾಕು, ನಮ್ಮ ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸ) ಟೇಬಲ್ ಮೇಲೆ ಸಹಕಾರ ಸಂಘಗಳ ವಾರ್ಷಿಕ ವರದಿ ರಾಶಿ ಬೀಳತ್ತೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಆಡಿಟ್ ಮಾಡಿಸಿ, ಸೆಪ್ಟೆಂಬರ್ ಒಳಗೆ ಸರ್ವಸದಸ್ಯರ ಸಭೆ ಮಾಡ್ಬೇಕಲ್ಲ, ಹಂಗಾಗಿ ಎಲ್ಲರಿಗೂ ಅದೇ ಹದಿನೈದು ದಿನದಲ್ಲಿ ವರದಿ ಪ್ರಿಂಟಾಗಿ, ನೋಟಿಸ್ ಲಕೋಟೆಗೆ ಬಿದ್ದು, ಸದಸ್ಯರ ಮನೆ ಸೇರ್ಬೇಕು. ಈ ಗಡಿಬಿಡಿಲಿ ಏನೇನು ಕೆಡಬಹುದೋ ಅದೆಲ್ಲಾನೂ ಒಂದೊಂದು ವರ್ಷ ಒಂದೊಂದು ಥರ ನಾನು ಕೆಡಿಸಿ ನೋಡಿದೀನಿ. ಅದನ್ನೇ ಇಲ್ಲಿ ಬರೀತಿರೋದು, ಸಾಫ್ಟ್‌ವೇರ್ ಕಲಿಸೋಕಲ್ಲ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕೋಕೆ.

ಈ ಕೆಲಸದಲ್ಲಿ ದೋಷ ಕಾಣಿಸ್ಕೊಳ್ಳೋ ಜಾಗ ಬೇರೆ, ಹುಟ್ಟೋ ಜಾಗ ಬೇರೆ. ಪ್ಲೇಟಲ್ಲಿ (ಪ್ರೆಸ್ಸಲ್ಲಿ ಅಚ್ಚೊತ್ತೋ ತಗಡು) ಒತ್ತಕ್ಷರ ಒಡೆದ್ರೆ ಪ್ರೆಸ್ಸಿನೋರ ಮೇಲೆ ರೇಗ್ತೀವಿ, ಲಕೋಟೆ ವಾಪಸ್ ಬಂದ್ರೆ ಪೋಸ್ಟ್‌ಮ್ಯಾನ್‌ನ ಬಯ್ತೀವಿ, ಆದ್ರೆ ತಪ್ಪಾಗಿದ್ದು ಮೂರು ಹೆಜ್ಜೆ ಹಿಂದೆ ನಮ್ಮದೇ ಎಕ್ಸೆಲ್ ಫೈಲಲ್ಲಿ. ಅದಕ್ಕೆ ನಾನು ಯಾವಾಗ್ಲೂ ಕೇಳೋ ಮೊದಲನೇ ಪ್ರಶ್ನೆ ಒಂದೇ, ಇದು ಕೊನೇ ಸಲ ಸರಿಯಾಗಿ ಕಂಡಿದ್ದು ಯಾವ ಫೈಲಲ್ಲಿ? ಆ ಫೈಲ್ ತೆಗೀರಿ. ಅಲ್ಲಿ ಸರಿ ಇದೆ, ಮುಂದಿನದರಲ್ಲಿ ಇಲ್ಲ ಅಂದ್ರೆ ಆ ಎರಡರ ಮಧ್ಯೆ ಏನು ಮಾಡಿದ್ರಿ ಅದೇ ಕಳ್ಳ. ಇದಕ್ಕೋಸ್ಕರಾನೇ ಪ್ರತಿ ಹಂತದ ಫೈಲನ್ನೂ ಬೇರೆ ಹೆಸರಲ್ಲಿ ಇಟ್ಕೊಳ್ಳಿ, ಒಂದೇ ಫೈಲ್ ಮೇಲೆ ಸೇವ್ ಸೇವ್ ಅಂತ ಒತ್ತಿದ್ರೆ ಹಿಂದಕ್ಕೆ ಹೋಗೋಕೆ ದಾರಿನೇ ಇರಲ್ಲ.

ಕನ್ನಡ ಕಾಣ್ತಿಲ್ಲ, ಏನೇನೋ ಕಾಣ್ತಿದೆ

ಎಲ್ಲರೂ ಫೋನ್ ಮಾಡಿ "ಸಾರ್ ಫೈಲ್ ಓಪನ್ ಮಾಡಿದ್ರೆ ಏನೇನೋ ಬರ್ತಿದೆ" ಅಂತಾರೆ. ಏನೇನೋ ಅಂದ್ರೆ ಏನು ಅಂತ ಸರಿಯಾಗಿ ನೋಡ್ಬೇಕು, ಯಾಕಂದ್ರೆ ಅದರಲ್ಲಿ ನಾಲ್ಕು ಜಾತಿ ಇದೆ, ನಾಲ್ಕಕ್ಕೂ ಮದ್ದು ಬೇರೆ.

ಒಂದನೇದು, ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟಿರೋ ದೊಡ್ಡ ಎ, ಪೌಂಡ್ ಚಿಹ್ನೆ ಇವೆಲ್ಲ ಕಲಸಿ ಬಂದಿರೋದು. ಇದು ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲು. ಉದಾಹರಣೆಗೆ ಆ ಫಾಂಟಲ್ಲಿ "ಕನ್ನಡ" ಅಂತ ಹೊಡೆದ್ರೆ ಕಂಪ್ಯೂಟರಿಗೆ ಅದು ಕ್ಯಾಪಿಟಲ್ ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಬಿ ಥರ ಇರೋ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಒಟ್ಟು ಏಳು. ಪೌಂಡ್ ಜೊತೆ ಗೀಟಿನ ಎ ಸೇರಿದ್ರೆ ನ, ಆ ಜರ್ಮನ್ ಬಿ ಅದರ ಕೆಳಗಿನ ನ-ಒತ್ತು. ಅಂದ್ರೆ ಅಲ್ಲಿರೋದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕ್ಕೊಂಡ ಇಂಗ್ಲಿಷ್ ಕೋಡು, ಫಾಂಟ್ ತೆಗೆದ್ರೆ ವೇಷ ಕಳಚತ್ತೆ. ಫೈಲ್ ಕೆಟ್ಟಿಲ್ಲ, ಹೆದರಬೇಡಿ. ಅದೇ ಫಾಂಟ್ ಹಾಕಿದ್ರೆ ಓದ್ಬಹುದು, ಕನ್ವರ್ಟರ್‌ಗೆ ಕೊಟ್ರೆ ಯುನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ಒಂದೇ ಆಗಿರೋ ಕನ್ನಡದ ಕೋಡು) ಆಗತ್ತೆ. ಆದ್ರೆ ಎರಡು ಎಚ್ಚರ. ಶ್ರೀಲಿಪಿ ಅನ್ನೋ ಇನ್ನೊಂದು ಕನ್ನಡ ಸಾಫ್ಟ್‌ವೇರಿನ ಕೋಡು ಬೇರೆ, ಅದನ್ನ ನುಡಿ ಕನ್ವರ್ಟರಿಗೆ ಹಾಕಿದ್ರೆ ಕನ್ನಡದ ಥರಾನೇ ಕಾಣೋ ಆದ್ರೆ ಅರ್ಥ ಇಲ್ಲದ ಸಾಲು ಬರತ್ತೆ. ಎರಡನೇದು, ವಿಳಾಸದ ಮಧ್ಯೆ ಇರೋ ನಿಜವಾದ ಇಂಗ್ಲಿಷನ್ನೂ ಕನ್ವರ್ಟರ್ ಕನ್ನಡ ಅಂದ್ಕೊಂಡು ಬದಲಾಯಿಸಿ ಬಿಡತ್ತೆ, "ಸನ್ ಆಫ್" ಅಂತ ಚುಟುಕಾಗಿ ಇಂಗ್ಲಿಷಲ್ಲಿ ಬರೆದಿದ್ದು ಯಾವುದೋ ಮಂತ್ರ ಆಗಿರತ್ತೆ. ಹಂಗಾಗಿ ಕನ್ವರ್ಟ್ ಆದ ಲಿಸ್ಟನ್ನ ಕಣ್ಣಲ್ಲಿ ಒಂದ್ಸಲ ಓದ್ಲೇಬೇಕು, ಶಾರ್ಟ್‌ಕಟ್ ಇಲ್ಲ.

ಎರಡನೇ ಜಾತಿ, ತಲೆ ಮೇಲೆ ಓರೆ ಗೀಟಿರೋ ಸಣ್ಣ ಎ, ಅದರ ಪಕ್ಕ ಮೇಲ್ಗಡೆ ಪುಟ್ಟ 2 ಅಥವಾ ಪುಟ್ಟ 3, ಇದೇ ಸಾಲುದ್ದಕ್ಕೂ ಮತ್ತೆ ಮತ್ತೆ ಬರ್ತಿರತ್ತೆ. ಇದು ಕಂಡ್ರೆ ಖುಷಿ ಪಡಿ. ಯುನಿಕೋಡ್ ಕನ್ನಡ ಹಂಗೇ ಜೋಪಾನವಾಗಿದೆ, ಓಪನ್ ಮಾಡಿದ ರೀತಿ ಮಾತ್ರ ತಪ್ಪು. ಯುನಿಕೋಡನ್ನ ಫೈಲಲ್ಲಿ ಬರೆದಿಡೋ ಒಂದು ರೀತಿಗೆ ಯುಟಿಎಫ್-8 ಅಂತಾರೆ, ಅದರಲ್ಲಿ ಪ್ರತಿ ಕನ್ನಡ ಅಕ್ಷರವೂ ಮೂರು ಬೈಟು, ಮೊದಲೆರಡು ಬೈಟು ಎಲ್ಲಾ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ, ಅದಕ್ಕೇ ಅದೇ ಎ ಅದೇ 2 ಅದೇ 3. ಗೂಗಲ್ ಶೀಟ್ಸಿಂದ ಸಿಎಸ್‌ವಿ (ಕಾಲಂಗಳ ಮಧ್ಯೆ ಬರೀ ಅಲ್ಪವಿರಾಮ ಇರೋ ಸಾದಾ ಫೈಲು) ಇಳಿಸಿ ಎಕ್ಸೆಲಲ್ಲಿ ಡಬಲ್ ಕ್ಲಿಕ್ ಮಾಡಿದ್ರೆ ಇದೇ ಆಗೋದು. ಡಬಲ್ ಕ್ಲಿಕ್ ಬೇಡ, ಖಾಲಿ ಎಕ್ಸೆಲ್ ತೆಗೆದು ಡೇಟಾ ಮೆನುವಿಂದ ಫೈಲ್ ಇಂಪೋರ್ಟ್ ಮಾಡಿ, ಫೈಲ್ ಒರಿಜಿನ್ ಅಂತ ಕೇಳಿದ ಕಡೆ 65001 ಯುನಿಕೋಡ್ ಆರಿಸಿ. ಸರಿಹೋಗತ್ತೆ.

ಮೂರನೇದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಪ್ರಶ್ನೆ ಪ್ರಶ್ನೆ. ಕನ್ನಡ ಇದ್ದ ಶೀಟನ್ನ ಎಕ್ಸೆಲಲ್ಲಿ ಮಾಮೂಲಿ ಸಿಎಸ್‌ವಿ ಅಂತ ಸೇವ್ ಮಾಡಿದಾರೆ, ಆ ಜಾತಿ ಸಿಎಸ್‌ವಿಲಿ ಕನ್ನಡಕ್ಕೆ ಜಾಗವೇ ಇಲ್ಲ, ಹಂಗಾಗಿ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಬರೆದು ಮೂಲ ಅಕ್ಷರನ ಎಸೆದುಬಿಟ್ಟಿದೆ. ಇದಕ್ಕೆ ಮದ್ದಿಲ್ಲ. ಯಾವ ಕನ್ವರ್ಟರೂ, ಯಾವ ಫಾಂಟೂ ವಾಪಸ್ ತರಲ್ಲ, ಹಿಂದಿನ ಫೈಲನ್ನೇ ಕೇಳಿ ತರಿಸ್ಕೊಳ್ಳಿ. ಇದು ಗೊತ್ತಿಲ್ಲದೆ ನಾನು ಒಂದಿಡೀ ರಾತ್ರಿ ಫಾಂಟ್ ಮೇಲೆ ಫಾಂಟ್ ಹಾಕಿ ನೋಡ್ತಾ ಕೂತಿದ್ದೆ. ಸೇವ್ ಮಾಡ್ಬೇಕಾದ್ರೆ ಸಿಎಸ್‌ವಿ ಯುಟಿಎಫ್-8 ಅಂತ ಬೇರೆ ಆಯ್ಕೆ ಇದೆ, ಅದನ್ನೇ ಒತ್ತಬೇಕು.

ನಾಲ್ಕನೇದು ಖಾಲಿ ಚೌಕ. ಅಕ್ಷರ ಇದೆ, ಈ ಫಾಂಟಲ್ಲಿ ಅದರ ಚಿತ್ರ ಇಲ್ಲ, ಅಷ್ಟೇ. ಫಾಂಟ್ ಬದಲಾಯಿಸಿ ಮುಂದೆ ಹೋಗಿ.

ಯುನಿಕೋಡೇ ಇದೆ, ಆದ್ರೂ ಒತ್ತಕ್ಷರ ಒಡೆದಿದೆ

ವರ್ಡಲ್ಲಿ ಚೆನ್ನಾಗಿರತ್ತೆ, ಪೇಜ್ ಸೆಟ್ಟಿಂಗಿಗೆ ತಂದ ಕೂಡ್ಲೆ "ರಾಷ್ಟ್ರ" ಅನ್ನೋದು ಷ್ ಟ್ ರ ಅಂತ ಬಿಡಿಬಿಡಿಯಾಗಿ ನಿಲ್ಲತ್ತೆ. ಇದು ಫಾಂಟಿನ ತಪ್ಪೂ ಅಲ್ಲ, ಟೈಪಿಂಗ್ ತಪ್ಪೂ ಅಲ್ಲ. ಕನ್ನಡದಲ್ಲಿ ಒತ್ತು ಕೂಡಿಸೋ ಕೆಲಸ ಸಾಫ್ಟ್‌ವೇರ್ ಮಾಡ್ಬೇಕು, ಅದು ಮಾಡ್ತಿಲ್ಲ. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತೇ ಇಲ್ಲ, ಅದರಲ್ಲೇ ಕೆಲಸ ಮಾಡೋರು ನುಡಿ ಹಳೇ ಫಾಂಟಿಗೆ ವಾಪಸ್ ಕನ್ವರ್ಟ್ ಮಾಡ್ಕೊಂಡೇ ಹಾಕ್ಬೇಕು, ಇವತ್ತಿಗೂ ಹಂಗೆ ಮಾಡೋ ಅಂಗಡಿಗಳಿವೆ, ನಾನೇನು ನಗಲ್ಲ, ಕೆಲಸ ನಡೀತಿದೆಯಲ್ಲ. ಇನ್‌ಡಿಸೈನ್ ಆದ್ರೆ ಪ್ಯಾರಾಗ್ರಾಫ್ ಪ್ಯಾನೆಲ್ ಮೂಲೆಯ ಮೆನು ತೆಗೆದು ವರ್ಲ್ಡ್-ರೆಡಿ ಕಂಪೋಸರ್ ಅಂತ ಇರೋದನ್ನ ಆರಿಸಿ, ಮಾಮೂಲಿ ಕಂಪೋಸರಲ್ಲಿ ಕನ್ನಡ ಒಡಿಯತ್ತೆ. ಒಂದು ಪ್ಯಾರಾಕ್ಕೆ ಮಾಡಿ ಬಿಡಬೇಡಿ, ಸ್ಟೈಲಲ್ಲೇ ಹಾಕಿ, ಇಲ್ಲಾಂದ್ರೆ ಹದಿನೆಂಟನೇ ಪುಟದ ಯಾವುದೋ ಫೋಟೋ ಅಡಿಬರಹ ಮಾತ್ರ ಒಡೆದು ಉಳ್ಕೊಂಡು, ಅದು ಪ್ರಿಂಟಾದ ಮೇಲೆ ಅಧ್ಯಕ್ಷರ ಕಣ್ಣಿಗೇ ಬೀಳತ್ತೆ.

ಹೊಸ ಫಾಂಟು, ಹೊಸ ಮಷೀನು, ಹೊಸ ಪ್ರೆಸ್ಸು ಅಂದಾಗ ನಾನೊಂದು ಟೆಸ್ಟ್ ಸಾಲು ಹಾಕಿ ನೋಡ್ತೀನಿ: ರಾಷ್ಟ್ರ, ಸ್ವಾತಂತ್ರ್ಯ, ಕಾರ್ಯದರ್ಶಿ, ಜ್ಞಾನ, ರ‍್ಯಾಂಕ್, ರಾಜ್‌ಕುಮಾರ್, ₹. ಎರಡೆರಡು ಒತ್ತು, ಅರ್ಕಾವತ್ತು, ರ ಮೇಲೆ ಉಳಿದು ಯ ಒತ್ತಾಗೋದು, ಮಧ್ಯೆ ಅರ್ಧಾಕ್ಷರ ನಿಲ್ಲೋದು, ರೂಪಾಯಿ ಚಿಹ್ನೆ, ಎಲ್ಲ ಇದರಲ್ಲಿ ಬಂತು. ಇದು ಪಾಸಾದ್ರೆ ವರದಿ ಪಾಸು.

ರಾಜ್‌ಕುಮಾರ್ ಯಾಕೆ ಅಂದ್ರೆ, ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಅದು ಇದ್ರೆ ಮಾತ್ರ ಜ್ ಮತ್ತೆ ಕು ಬೇರೆ ನಿಲ್ಲತ್ತೆ. ಯಾರೋ ಲಿಸ್ಟ್ ಕ್ಲೀನ್ ಮಾಡ್ತೀನಿ ಅಂತ ಕಾಣದ ಅಕ್ಷರನೆಲ್ಲ ಅಳಿಸಿದ್ರೆ "ರಾಜ್ಕುಮಾರ್" ಆಗತ್ತೆ, ಜ ಕೆಳಗೆ ಕ ಒತ್ತು. ಒಂದು ಲಿಸ್ಟಲ್ಲಿ ಇಂಥ ಹೆಸರು ನಾಲ್ಕೈದು ಕಂಡ್ರೆ ಟೈಪಿಸ್ಟನ್ನ ಬಯ್ಯಬೇಡಿ, ಕ್ಲೀನ್ ಮಾಡಿದೋರು ಯಾರು ಅಂತ ಕೇಳಿ.

ಪಿಡಿಎಫ್ ಕಳಿಸಿದ್ವಿ, ಪ್ಲೇಟ್ ಬೇರೆ ಥರ ಬಂತು

ಸ್ಕ್ರೀನಲ್ಲಿ ಸರಿ, ಪ್ರೆಸ್ಸಲ್ಲಿ ಸರಿಯಿಲ್ಲ ಅಂದ್ರೆ ಮೊದಲು ಪಿಡಿಎಫಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿ ನೋಡಿ. ಪ್ರತಿ ಫಾಂಟ್ ಮುಂದೆ ಎಂಬೆಡೆಡ್ (ಫಾಂಟೂ ಫೈಲ್ ಒಳಗೇ ಸೇರಿದೆ) ಅಂತ ಇರ್ಬೇಕು. ಒಂದರ ಮುಂದೆ ಇಲ್ಲ ಅಂದ್ರೂ ಅಲ್ಲೇ ಸಿಕ್ಕಿಬಿತ್ತು, ನಿಮ್ಮ ಮಷೀನಲ್ಲಿ ಫಾಂಟ್ ಇರೋದ್ರಿಂದ ಚೆನ್ನಾಗಿ ಕಾಣ್ತಿದೆ, ಅವರ ಮಷೀನಲ್ಲಿಲ್ಲ. ಅದಕ್ಕೇ ಎಷ್ಟೋ ಪ್ರೆಸ್ಸಿನೋರು "ಕರ್ವ್ಸ್ ಮಾಡಿ ಕಳಿಸಿ ಅಣ್ಣಾ" ಅನ್ನೋದು. ಕೋರಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿದ್ರೆ ಅಕ್ಷರ ಚಿತ್ರ ಆಗ್ಬಿಡತ್ತೆ, ಫಾಂಟಿನ ಹಂಗಿಲ್ಲ. ಒಳ್ಳೇದೇ. ಆದ್ರೆ ಒಡೆದ ಅಕ್ಷರನ ಕರ್ವ್ಸ್ ಮಾಡಿದ್ರೆ ಒಡೆದಿದ್ದೇ ಶಾಶ್ವತ, ಆಮೇಲೆ ಒಂದು ಕಾಗುಣಿತ ತಿದ್ದೋಕೂ ಆಗಲ್ಲ. ಕರ್ವ್ಸ್ ಆಗದಿರೋ ಒರಿಜಿನಲ್ ಫೈಲ್ ಬೇರೆ ಇಟ್ಕೊಳ್ದೆ ಕಂಟ್ರೋಲ್ ಎಸ್ ಒತ್ತಿದೋರ ಮುಖ ನೋಡ್ಬೇಕು ನೀವು.

ಅಕ್ಷರದ ಅಂಚಲ್ಲಿ ಕೆಂಪು ಅಥವಾ ನೀಲಿ ನೆರಳು ಬಂದು ಸಣ್ಣ ಅಕ್ಷರ ಮಸುಕಾಗಿ ಕಂಡ್ರೆ, ಅದು ಕಪ್ಪಿನ ಸಮಸ್ಯೆ. ವರ್ಡಿಂದ ಸೀದಾ ಪಿಡಿಎಫ್ ಮಾಡಿದ್ರೆ ಕಪ್ಪು ಆರ್‌ಜಿಬಿ (ಸ್ಕ್ರೀನಿನ ಕೆಂಪು-ಹಸಿರು-ನೀಲಿ ಲೆಕ್ಕದ) ಕಪ್ಪಾಗಿರತ್ತೆ, ಅದು ಪ್ಲೇಟಿಗೆ ಹೋಗುವಾಗ ಅಚ್ಚಿನ ನಾಲ್ಕೂ ಬಣ್ಣ (ಸಯಾನ್, ಮೆಜೆಂತಾ, ಹಳದಿ, ಕಪ್ಪು) ಸೇರಿ ಕಪ್ಪಾಗತ್ತೆ. ನಾಲ್ಕು ಪ್ಲೇಟು ಕೂದಲೆಳೆಯಷ್ಟು ಆಚೀಚೆ ಆದ್ರೂ ಸಾಕು. ಇಂಗ್ಲಿಷ್ ಅಕ್ಷರ ಹೆಂಗೋ ತಡ್ಕೊಳ್ಳತ್ತೆ, ಕನ್ನಡದಲ್ಲಿ 9 ಪಾಯಿಂಟ್ ಅಕ್ಷರದ ಕೆಳಗೆ ಅದರರ್ಧ ಸೈಜಿನ ಒತ್ತು, ಅದರೊಳಗೆ ಒಂದು ಸಣ್ಣ ಕೊಂಬು, ಅಲ್ಲಿ ನೆರಳು ತುಂಬಿಕೊಂಡು ತ ಯಾವುದು ನ ಯಾವುದು ಗೊತ್ತಾಗಲ್ಲ. ಪರೀಕ್ಷೆ ಸುಲಭ, ಅಕ್ರೊಬ್ಯಾಟ್ ಪ್ರೊದಲ್ಲಿ ಔಟ್‌ಪುಟ್ ಪ್ರಿವ್ಯೂ ತೆಗೆದು ಕಪ್ಪು ಬಣ್ಣದ ಟಿಕ್ ತೆಗೀರಿ, ಅಕ್ಷರವೆಲ್ಲ ಮಾಯವಾದ್ರೆ ಸರಿಯಿದೆ, ಕಂದುಕಂದಾಗಿ ಉಳ್ಕೊಂಡ್ರೆ ನಾಲ್ಕು ಬಣ್ಣದ ಕಪ್ಪು. ಮೂಲ ಫೈಲಿಗೆ ಹೋಗಿ ಅಕ್ಷರದ ಬಣ್ಣನ ಬರೀ 100 ಪರ್ಸೆಂಟ್ ಕಪ್ಪು ಮಾಡಿ. ಅದೇ ಪ್ರಿವ್ಯೂಲಿ ಬಿಳಿ ಅಕ್ಷರ ಮಾಯ ಆಗ್ತಿದೆಯಾ ಅಂತಾನೂ ನೋಡಿ, ಯಾವಾಗ್ಲೋ ಕಪ್ಪಿದ್ದಾಗ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ತೆಗೆಯದೆ ಅದರ ಮೇಲೇ ಒತ್ತೋದು) ಹಾಕಿ, ಆಮೇಲೆ ಬಣ್ಣ ಬಿಳಿ ಮಾಡಿ ಓವರ್‌ಪ್ರಿಂಟ್ ತೆಗೆಯೋದು ಮರೆತಿರ್ತೀವಿ, ಸ್ಕ್ರೀನಲ್ಲಿ ಇರತ್ತೆ, ಪೇಪರಲ್ಲಿ ಇರಲ್ಲ.

ಜಮಾಖರ್ಚಿನ ಪುಟದಲ್ಲಿ ಅಂಕಿಗಳ ಮುಂದೆ ಸಣ್ಣ ಓರೆ ಗೀಟು ಬಂದಿದ್ರೆ ನಗು ಬರತ್ತೆ ನನಗೆ. ₹ ಚಿಹ್ನೆ ಬಂದಿದ್ದು 2010ರಲ್ಲಿ, ಕೀಬೋರ್ಡಿಗೂ ಫಾಂಟಿಗೂ ಅದು ಬರೋವರೆಗೆ ತಡ್ಕೊಳಕ್ಕಾಗದೆ ಟ್ಯಾಬ್ ಮೇಲಿನ ಆ ಗೀಟಿನ ಕೀಲಿ ಜಾಗಕ್ಕೆ ರೂಪಾಯಿ ಚಿತ್ರ ಕೂರಿಸಿದ ಫಾಂಟೊಂದು ಓಡಾಡ್ತಿತ್ತು. ಆಗಿನ ಎಕ್ಸೆಲ್ ಫೈಲನ್ನೇ ವರ್ಷ ವರ್ಷ ಕಾಪಿ ಮಾಡ್ಕೊಂಡು ಬಂದಿರೋ ಸಂಘಗಳಲ್ಲಿ ಆ ಗೀಟು ಇನ್ನೂ ಬದುಕಿದೆ. ಫೈಂಡ್ ರಿಪ್ಲೇಸ್ ಮಾಡಿ, ಒಂದು ನಿಮಿಷದ ಕೆಲಸ.

ಉಳಿದದ್ದು ಎಲ್ಲರಿಗೂ ಗೊತ್ತಿರೋದೇ. ಅಂಚಿಗೆ ಬಣ್ಣ ಇದ್ರೆ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿದಾಗ ಹೋಗ್ಲಿ ಅಂತ ಬಿಡೋ ಹೆಚ್ಚಿನ ಬಣ್ಣ), ಅಂದ್ರೆ ಎ4 ಪುಟ 216 ಗುಣಿಸು 303. ಸೆಂಟರ್ ಪಿನ್ (ಮಧ್ಯೆ ಮಡಿಚಿ ಪಿನ್ ಹೊಡೆದ) ಪುಸ್ತಕ ಆದ್ರೆ ಪುಟ ನಾಲ್ಕರ ಲೆಕ್ಕದಲ್ಲಿ. ಫೋಟೋ ಮಂಕಾಗಿ ಬಂದ್ರೆ ವಾಟ್ಸಾಪಲ್ಲಿ ಬಂದಿದ್ದಾ ಅಂತ ಕೇಳಿ, ನಮಗೆ ಬರೋವು ಹೆಚ್ಚಾಗಿ ಉದ್ದದ ಕಡೆ 1600 ಪಿಕ್ಸೆಲ್ ಆಸುಪಾಸು, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕಕ್ಕೆ ಅದು ಹದಿಮೂರೂವರೆ ಸೆಂಟಿಮೀಟರಿಗೆ ಸಾಕು, ಪೂರ್ತಿ ಪುಟಕ್ಕೆ ಎಳೆದ್ರೆ ಆಗಲ್ಲ. ಡಾಕ್ಯುಮೆಂಟ್ ಥರ ಕಳ್ಸಿ ಅಂತ ಹೇಳಿ.

ಮನೆ ನಂಬರ್ ತಾರೀಕಾಗಿದೆ

ಇಲ್ಲಿಂದ ವಿಳಾಸದ ಪಟ್ಟಿ, ನಿಜವಾದ ತಲೆನೋವು ಇಲ್ಲೇ ಇರೋದು. ಒಂದು ವರ್ಷ 4,112 ಸದಸ್ಯರಿದ್ದ ಒಂದು ಪತ್ತಿನ ಸಂಘದ ನೋಟಿಸ್ ಕಳಿಸಿದ್ವಿ. ನಾಲ್ಕನೇ ದಿನ ಸೆಕ್ರೆಟರಿ ಫೋನು.

"ಏನ್ ಸ್ವಾಮಿ, ನಮ್ಮ ಸದಸ್ಯರ ಮನೆ ನಂಬರೆಲ್ಲ ತಾರೀಕಾಗಿದೆಯಲ್ರೀ?"

"ಯಾವ ತಾರೀಕು ಸಾರ್?"

"ಒಬ್ಬರದ್ದು ಅಕ್ಟೋಬರ್ ಎರಡು. ಗಾಂಧಿ ಜಯಂತಿ!"

ಆ ಮನೆ ನಂಬರ್ 2/10. ಎಕ್ಸೆಲಲ್ಲಿ 2/10 ಅಂತ ಹೊಡೆದು ಎಂಟರ್ ಒತ್ತಿದ್ರೆ ಅದು ತಾರೀಕು ಅಂದ್ಕೊಳ್ಳತ್ತೆ, ಅಕ್ಟೋಬರ್ 2 ಅಂತ ತೋರಿಸತ್ತೆ, ವರ್ಡ್ ಮೇಲ್ ಮರ್ಜಿಗೆ (ಲಿಸ್ಟಿನ ಒಂದೊಂದು ಹೆಸರನ್ನೂ ಒಂದೊಂದು ಲೇಬಲಿಗೆ ತುಂಬಿಸೋದು) ಹೋದಾಗ ವರ್ಷಾನೂ ಸೇರಿಸಿ ತಿಂಗಳು ಮೊದಲು ಮಾಡಿ ಇನ್ನೊಂದೇ ಥರ ಬರತ್ತೆ. 12-4 ಏಪ್ರಿಲ್ 12 ಆಗತ್ತೆ. ಬೀದರ್ ಕಡೆ 8-9-12 ಥರ ಮೂರು ಭಾಗದ ಮನೆ ನಂಬರಿರತ್ತಲ್ಲ, ಅದಂತೂ ಹುಟ್ಟಿದ ದಿನವೇ ಆಗೋಗತ್ತೆ. ದಿನ ತಿಂಗಳಾಗಿ ಹೊಂದದ 45/3 ಅಂಥವು ಮಾತ್ರ ಹಂಗೇ ಉಳಿಯತ್ತೆ, ಅದಕ್ಕೇ ಲಿಸ್ಟ್ ಮೇಲಿಂದ ನೋಡಿದ್ರೆ ಸರಿಯಾಗೇ ಇದೆ ಅನ್ಸತ್ತೆ.

ಹುಡುಕೋದು ಹೀಗೆ, ಮನೆ ನಂಬರಿನ ಕಾಲಂ ಅಗಲ ಮಾಡಿ, ಯಾವ ಅಲೈನ್‌ಮೆಂಟೂ ಹಾಕದೆ ನೋಡಿ. ಟೆಕ್ಸ್ಟ್ ಎಡಕ್ಕೆ ಅಂಟಿರತ್ತೆ, ತಾರೀಕಾಗಿರೋವು ಬಲಕ್ಕೆ ಹೋಗಿರ್ತವೆ. ಬರೀ 14, 27 ಅಂತಿರೋ ಮನೆ ನಂಬರೂ ಬಲಕ್ಕೇ ಇರತ್ತೆ, ಅದು ಸರಿ, ಮಧ್ಯೆ ತಿಂಗಳ ಹೆಸರಿರೋದನ್ನ ಹಿಡೀರಿ. ಈಗ ಕಾಲಂನ ಟೆಕ್ಸ್ಟ್ ಮಾಡಿದ್ರೆ ಸರಿಹೋಗತ್ತೆ ಅಂದ್ಕೋಬೇಡಿ, ನಲವತ್ತು ಸಾವಿರ ದಾಟಿದ ಐದಂಕಿಯ ಸಂಖ್ಯೆ ಬರತ್ತೆ, ಅದು ಎಕ್ಸೆಲ್ ಒಳಗೆ ತಾರೀಕನ್ನ ಎಣಿಸೋ ಲೆಕ್ಕ. ದಿನ ಮತ್ತೆ ತಿಂಗಳು ಬಿಡಿಸಿ ಮನೆ ನಂಬರ್ ವಾಪಸ್ ಕಟ್ಟಬಹುದು, ಆದ್ರೆ ಮೂಲದಲ್ಲಿ ಗೀಟಿತ್ತೋ ಅಡ್ಡಗೆರೆ ಇತ್ತೋ ಗೊತ್ತಾಗಲ್ಲ, ಅದಕ್ಕೆ ಸದಸ್ಯತ್ವದ ರಿಜಿಸ್ಟರೇ ಗತಿ. ಟೈಪ್ ಮಾಡೋಕೆ ಮುಂಚೆ ಕಾಲಂ ಟೆಕ್ಸ್ಟ್ ಮಾಡ್ಬೇಕು, ಇಂಪೋರ್ಟ್ ಮಾಡೋವಾಗ್ಲೂ ಆ ಕಾಲಂಗೆ ಟೆಕ್ಸ್ಟ್ ಅಂತಾನೇ ಹೇಳ್ಬೇಕು.

ಪಿನ್ ಕೋಡ್ ಪರೀಕ್ಷೆ

ಆರಂಕಿ ಪಿನ್ ಬಂದಿದ್ದು 1972ರ ಆಗಸ್ಟ್ 15ಕ್ಕೆ, ನಮ್ಮಂಥೋರಿಗೆ ಅಂತಾನೇ ಮಾಡಿದ ಹಾಗಿದೆ, ಅಷ್ಟು ಸುಲಭವಾಗಿ ತಪ್ಪು ಸಿಗತ್ತೆ. ಪಕ್ಕದಲ್ಲೊಂದು ಕಾಲಂ ಹಾಕಿ ಲೆನ್ ಫಾರ್ಮುಲಾದಲ್ಲಿ ಉದ್ದ ಎಣಿಸಿ. 6 ಬಂದ್ರೆ ಮುಂದಕ್ಕೆ. 7 ಬಂದ್ರೆ ಮಧ್ಯೆ ಜಾಗ ಇದೆ, ಇಲ್ಲಾ ಕೊನೇಲಿ ಕಾಣದ ಸ್ಪೇಸ್ ಇದೆ, ವೆಬ್‌ಪೇಜಿಂದ ಕಾಪಿ ಮಾಡಿದ ಸ್ಪೇಸು ಟ್ರಿಮ್ ಫಾರ್ಮುಲಾಗೆ ಬಗ್ಗಲ್ಲ, ಅದನ್ನೇ ಕಾಪಿ ಮಾಡಿ ಫೈಂಡ್ ರಿಪ್ಲೇಸಲ್ಲಿ ಹಾಕಿ ತೆಗೀಬೇಕು. 1 ಅಥವಾ 2 ಬಂದ್ರೆ ಹಳೇ ಸದಸ್ಯರು, "ಬೆಂಗಳೂರು-18" ಅಂತ ರಿಜಿಸ್ಟರಲ್ಲಿ ಬರೆದಿರ್ತಾರೆ, ಅಂದ್ರೆ 560018 ಚಾಮರಾಜಪೇಟೆ. ಬೆಂಗಳೂರಾದ್ರೆ 560000 ಕೂಡಿಸಿ, ಮೈಸೂರು-9 ಅಂತಿದ್ರೆ 570000 ಕೂಡಿಸಿ, ಊರು ನೋಡದೆ ಇಡೀ ಕಾಲಂಗೆ ಒಂದೇ ಕೂಡಿಸಿದ್ರೆ ಮೈಸೂರಿನೋರ ನೋಟಿಸೆಲ್ಲ ಬೆಂಗಳೂರಲ್ಲಿ ಸುತ್ತತ್ತೆ.

ಆಮೇಲೆ ಮೊದಲೆರಡು ಅಂಕಿ. ಕರ್ನಾಟಕದ ಪಿನ್ 56ರಿಂದ 59ರ ಒಳಗೇ ಶುರುವಾಗೋದು. ಫಿಲ್ಟರ್ ಹಾಕಿ ಅದರಾಚೆ ಇರೋದನ್ನ ತೆಗೀರಿ, ಅಲ್ಲಿ ಮುಂಬೈ 400, ಸೊಲ್ಲಾಪುರ 413, ಹೊಸೂರು 635, ಕಾಸರಗೋಡು 671 ಇಂಥವು ಸರಿಯಾಗೇ ಇರ್ತವೆ, ಉಳಿದದ್ದು ಅಂಕಿ ಅದಲು ಬದಲಾಗಿರೋದು. ಮೊದಲ ಮೂರಂಕಿ ಜೊತೆ ಜಿಲ್ಲೆ ಹೆಸರು ಇಟ್ಟು ನೋಡಿದ್ರೆ ಇನ್ನೂ ಬಿಗಿ, ಹಾಸನ ಅಂತ ಬರೆದು 583 ಇದ್ರೆ ಯಾವುದೋ ಒಂದು ತಪ್ಪು. ಆದ್ರೆ ಜಿಲ್ಲೆ ಒಡೆದಾಗ ಪಿನ್ ಒಡಿಯಲ್ಲ, 2021ರಲ್ಲಿ ವಿಜಯನಗರ ಜಿಲ್ಲೆ ಆದ್ರೂ ಹೊಸಪೇಟೆ 583201ರಲ್ಲೇ ಇದೆ, ಅಲ್ಲಿ ಬಳ್ಳಾರಿ ಅಂತಿದ್ರೆ ಲಕೋಟೆ ಏನೂ ತಪ್ಪಿಹೋಗಲ್ಲ, ಅದಕ್ಕೋಸ್ಕರ ರಾತ್ರಿ ನಿದ್ದೆಗೆಡಬೇಡಿ.

ಕನ್ನಡ ಅಂಕಿಲಿ ಪಿನ್ ಹೊಡೆದಿದ್ರೆ ಇನ್ನೊಂದು ಮಜಾ. ಸೊನ್ನೆ ಹೊಡೆಯೋ ಬದಲು ಅನುಸ್ವಾರ ಹೊಡೆದಿರ್ತಾರೆ, ಎರಡೂ ಉಂಡೆನೇ, ಕಣ್ಣಿಗೆ ವ್ಯತ್ಯಾಸ ಸಿಗಲ್ಲ, ಲೆನ್ ಕೂಡ 6 ಅಂತಾನೇ ಹೇಳತ್ತೆ. ಕನ್ನಡ ಅಂಕಿನೆಲ್ಲ ಇಂಗ್ಲಿಷ್ ಅಂಕಿಗೆ ರಿಪ್ಲೇಸ್ ಮಾಡಿ, ಆಮೇಲೂ ಅಲ್ಲೊಂದು ಇಲ್ಲೊಂದು ಉಂಡೆ ಉಳ್ಕೊಂಡಿದ್ರೆ ಅದೇ ಅನುಸ್ವಾರ.

ಪಿನ್ ಪ್ರಕಾರ ಸಾರ್ಟ್ ಮಾಡಿ ಕಟ್ಟು ಕಟ್ಟಿದ್ವಿ, ಆದ್ರೂ 560004 ಒಂದ್ಸಲ ಶುರುವಲ್ಲಿ ಬಂತು, ಮತ್ತೆ ಕೊನೇಲಿ ಬಂತು ಅಂದ್ರೆ ಕಾಲಂನಲ್ಲಿ ಅರ್ಧ ಸಂಖ್ಯೆ ಅರ್ಧ ಟೆಕ್ಸ್ಟ್ ಇದೆ ಅಂತ. ಎಕ್ಸೆಲ್ ಮೊದಲು ಸಂಖ್ಯೆನೆಲ್ಲ ಜೋಡಿಸಿ ಆಮೇಲೆ ಟೆಕ್ಸ್ಟನ್ನ ಮತ್ತೆ ಮೊದಲಿಂದ ಜೋಡಿಸತ್ತೆ. ಸೆಲ್ ಮೂಲೇಲಿ ಹಸಿರು ತ್ರಿಕೋನ ಕಂಡ್ರೆ ಅದು ಟೆಕ್ಸ್ಟು. ಎಲ್ಲಾನೂ ಒಂದೇ ಜಾತಿ ಮಾಡಿ ಮತ್ತೆ ಸಾರ್ಟ್ ಮಾಡಿ.

ಹೆಸರೊಂದು, ವಿಳಾಸ ಇನ್ನೊಂದು

ಇದಕ್ಕಿಂತ ಕೆಟ್ಟದ್ದಿಲ್ಲ. ಸಾರ್ಟ್ ಮಾಡೋವಾಗ ಒಂದೇ ಕಾಲಂ ಸೆಲೆಕ್ಟ್ ಆಗಿರತ್ತೆ, ಪಕ್ಕದ್ದನ್ನೂ ಸೇರಿಸ್ಲಾ ಅಂತ ಎಕ್ಸೆಲ್ ಕೇಳತ್ತೆ, ನಾವು ಆತುರಕ್ಕೆ ಬೇಡ ಅಂತ ಒತ್ತಿರ್ತೀವಿ, ಹೆಸರೆಲ್ಲ ಅಕ್ಷರಮಾಲೆ ಪ್ರಕಾರ ನಿಂತವು, ವಿಳಾಸ ಅಲ್ಲೇ ಇದ್ದವು. ಲಿಸ್ಟ್ ನೋಡೋಕೆ ತುಂಬಾ ಅಚ್ಚುಕಟ್ಟಾಗಿ ಕಾಣತ್ತೆ! ಯಾವ ಫಾರ್ಮುಲಾಗೂ ಸಿಗಲ್ಲ ಈ ತಪ್ಪು. ಹಂಗಾಗಿ ಪ್ರಿಂಟಿಗೆ ಮುಂಚೆ ಸೆಕ್ರೆಟರಿನ ಪಕ್ಕ ಕೂರಿಸ್ಕೊಂಡು, ಲಿಸ್ಟಿನ ಮೇಲೆ ಮಧ್ಯೆ ಕೆಳಗೆ ಅಂತ ಅವರಿಗೆ ಮನೆ ಗೊತ್ತಿರೋ ಐದಾರು ಜನರನ್ನ ಓದಿಸಿ. "ಹೌದು, ಇವರು ಅಲ್ಲೇ ಇರೋದು" ಅಂದ್ರೆ ಮಾತ್ರ ಮುಂದಕ್ಕೆ. ಒಂದು ಸಾಲು ಮಾತ್ರ ಜಾರಿದ್ರೆ, ಅಂದ್ರೆ ಒಬ್ಬರ ವಿಳಾಸ ಮುಂದಿನವರಿಗೆ ಹೋಗ್ತಿದ್ರೆ, ಯಾರೋ ಒಂದೇ ಸೆಲ್ ಡಿಲೀಟ್ ಮಾಡಿ ಕೆಳಗಿನದನ್ನ ಮೇಲೆಳೆದಿದಾರೆ, ಎಲ್ಲಿಂದ ಜಾರಿದೆ ಅಂತ ಸಿಕ್ಕಿದ್ರೆ ಆ ಜಾಗದಲ್ಲೇ ಒಂದು ಖಾಲಿ ಸೆಲ್ ಸೇರಿಸಿದ್ರೆ ಆಯ್ತು.

ಡೂಪ್ಲಿಕೇಟ್ ತೆಗೆಯೋರಿಗೆ ಒಂದು ಮಾತು. 2014ರ ನವೆಂಬರ್ 1ಕ್ಕೆ ಹನ್ನೆರಡು ಊರಿನ ಹೆಸರು ಬದಲಾಯ್ತಲ್ಲ, ಹಂಗಾಗಿ ಒಬ್ಬರೇ ಗುಲ್ಬರ್ಗದಲ್ಲೂ ಕಲಬುರಗಿಲೂ ಇರ್ತಾರೆ. ಊರಿನ ಹೆಸರು ಬಿಟ್ಟು ಪಿನ್ ಹಿಡಿದು ಹೋಲಿಸಿ. ಆದ್ರೆ ಸಂಘದ ನೋಟಿಸಲ್ಲಿ ಹೆಸರು ವಿಳಾಸ ನೋಡಿ ಡೂಪ್ಲಿಕೇಟ್ ಅಂತ ಅಳಿಸಲೇಬೇಡಿ, ಒಂದೇ ಮನೇಲಿ ತಾತ ಮೊಮ್ಮಗ ಒಂದೇ ಹೆಸರಲ್ಲಿ ಇಬ್ಬರೂ ಸದಸ್ಯರಾಗಿರ್ತಾರೆ, ಇಬ್ಬರಿಗೂ ಬೇರೆ ಬೇರೆ ನೋಟಿಸ್ ಹೋಗ್ಬೇಕು. ಸದಸ್ಯತ್ವ ಸಂಖ್ಯೆ ಎರಡು ಸಲ ಬಂದ್ರೆ ಮಾತ್ರ ಡೂಪ್ಲಿಕೇಟ್.

ಲೇಬಲ್ ಜಾರ್ತಿದೆ

ಎ4 ಹಾಳೇಲಿ 24 ಸ್ಟಿಕರ್, 64 ಗುಣಿಸು 34 ಮಿಲಿಮೀಟರ್, ಮೂರು ಕಾಲಂ ಎಂಟು ಸಾಲು, ನಾವು ಬಳಸೋದು ಇದೇ. ಮೊದಲು ಮಾಮೂಲಿ ಬಿಳಿ ಹಾಳೇಲಿ ಪ್ರಿಂಟ್ ತೆಗೆದು ಸ್ಟಿಕರ್ ಹಾಳೆ ಹಿಂದೆ ಇಟ್ಟು ಬೆಳಕಿಗೆ ಹಿಡೀರಿ. ಎಲ್ಲಾ ಸಾಲೂ ಒಂದೇ ಅಳತೆ ಕೆಳಗೆ ಅಥವಾ ಪಕ್ಕಕ್ಕೆ ಸರಿದಿದ್ರೆ ಮಾರ್ಜಿನ್ ತಪ್ಪು, ಇಲ್ಲಾ ಟ್ರೇಲಿ ಹಾಳೆ ಸಡಿಲ ಇದೆ. ಮಧ್ಯದ ಸಾಲು ಸರಿಯಿದ್ದು ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಬಂದಿದ್ರೆ, ಅಥವಾ ಮೊದಲ ಸಾಲಿಂದ ಶುರುವಾಗಿ ಹೋಗ್ತಾ ಹೋಗ್ತಾ ಹೆಚ್ಚಾದ್ರೆ, ಮಾರ್ಜಿನ್ ಮುಟ್ಟಬೇಡಿ, ಅದು ಸೈಜು ಕುಗ್ಗಿರೋದು. ಪ್ರಿಂಟ್ ಮಾಡೋವಾಗ ಫಿಟ್ ಅಂತ ಟಿಕ್ ಆಗಿರತ್ತೆ, 97 ಪರ್ಸೆಂಟ್‌ಗೆ ಕುಗ್ಗಿದ್ರೂ ಮೇಲಿನ ಕೆಳಗಿನ ಸಾಲು 4 ಮಿಲಿಮೀಟರ್ ಆಚೀಚೆ ಹೋಗತ್ತೆ. ಆಕ್ಚುವಲ್ ಸೈಜ್ ಅಂತ ಮಾಡಿ.

24 ಸ್ಟಿಕರಲ್ಲೂ ಒಬ್ಬರ ಹೆಸರೇ ಬಂದ್ರೆ ವರ್ಡ್ ಮರ್ಜಲ್ಲಿ ನೆಕ್ಸ್ಟ್ ರೆಕಾರ್ಡ್ ಫೀಲ್ಡ್ ಇಲ್ಲ, ಅಪ್‌ಡೇಟ್ ಲೇಬಲ್ಸ್ ಒತ್ತೋದು ಮರೆತಿದೀರ. ಮೊದಲ ಸ್ಟಿಕರಲ್ಲೂ ಆ ಫೀಲ್ಡ್ ಕೂತಿದ್ರೆ ಮೊದಲ ಹೆಸರು ಹಾರಿಹೋಗತ್ತೆ. ಇದಕ್ಕೆ ನಾನು ಹಾಳೆ ಲೆಕ್ಕ ಇಡ್ತೀನಿ, 4,112 ಜನ ಅಂದ್ರೆ 171 ಹಾಳೆ ತುಂಬಿ 172ನೇದ್ರಲ್ಲಿ ಸರಿಯಾಗಿ 8 ಸ್ಟಿಕರ್ ಇರ್ಬೇಕು. 7 ಇದ್ರೆ ಯಾರೋ ಒಬ್ಬರು ಕಾಣೆ. 9 ಇದ್ರೆ ಯಾರದ್ದೋ ವಿಳಾಸದ ಸೆಲ್ ಒಳಗೆ ಆಲ್ಟ್ ಎಂಟರ್ (ಸೆಲ್ ಒಳಗೇ ಸಾಲು ಮುರಿಯೋದು) ಇದ್ದು, ಸಿಎಸ್‌ವಿ ಆದಾಗ ಒಂದು ಸಾಲು ಎರಡಾಗಿದೆ.

ಇನ್ನೊಂದು ನಮ್ಮ ಭಾಷೆಗೇ ಇರೋ ದೋಷ. ಲೇಬಲಲ್ಲಿ ಜಾಗ ಸಾಲಲ್ಲ ಅಂತ ಲೈನ್ ಸ್ಪೇಸಿಂಗನ್ನ ಎಕ್ಸಾಕ್ಟ್ 11 ಪಾಯಿಂಟ್ ಮಾಡಿದ್ವಿ ಒಂದ್ಸಲ. ಸಾಲಿನ ಕೆಳಗೆ ಒತ್ತಿಗೆ ಜಾಗ ಇಲ್ಲದೆ ಕತ್ತರಿಸಿಹೋಗಿ ಬಸಪ್ಪನವರು "ಬಸಪ"ನವರಾದ್ರು, ಈರಣ್ಣ "ಈರಣ" ಆದ್ರು. ನೋಡೋಕೆ ಟೈಪಿಂಗ್ ತಪ್ಪಿನ ಥರಾನೇ, ಲಿಸ್ಟಲ್ಲಿ ಹೋಗಿ ನೋಡಿದ್ರೆ ಸರಿಯಾಗೇ ಇದೆ. ಎಕ್ಸಾಕ್ಟ್ ತೆಗೆದು ಅಟ್ ಲೀಸ್ಟ್ ಮಾಡಿ, ಇಲ್ಲಾ ಅಕ್ಷರದ ಸೈಜ್ ಇಳಿಸಿ.

ವಾಪಸ್ ಬಂದ ಲಕೋಟೆ

ಬಿಸಾಕಬೇಡಿ. ಪೋಸ್ಟ್‌ಮ್ಯಾನ್ ಮೇಲೆ ಒಂದು ಕಾರಣ ಬರೆದಿರ್ತಾರೆ. "ಲೆಫ್ಟ್" ಅಂದ್ರೆ ಮನೆ ಬಿಟ್ಟಿದಾರೆ, ಅದು ಸಂಘದ ಕೆಲಸ, ನಮ್ಮದಲ್ಲ. "ಇನ್‌ಸಫಿಶಿಯೆಂಟ್ ಅಡ್ರೆಸ್" ಅಂದ್ರೆ ಹೆಚ್ಚಾಗಿ ನಮ್ಮದೇ, ಹಳ್ಳಿ ಹೆಸರು ಬಂದು ಅಂಚೆ ಊರು ಬಿಟ್ಟುಹೋಗಿರತ್ತೆ, ಅಥವಾ ಮರ್ಜಲ್ಲಿ ಎರಡನೇ ಸಾಲಿನ ಫೀಲ್ಡ್ ಹಾಕಿರಲ್ಲ. ಹೊಸಹಳ್ಳಿ ಅಂತ ಬರೆದ್ರೆ ಯಾವ ಹೊಸಹಳ್ಳಿ ಅಂತ ಹುಡುಕ್ತಾರೆ ಅವರು, ಗ್ರಾಮ, ಅಂಚೆ, ತಾಲ್ಲೂಕು, ಜಿಲ್ಲೆ ನಾಲ್ಕೂ ಬೇಕು. "ನೋ ಸಚ್ ಪರ್ಸನ್" ಅಂತ ಒಂದೇ ದಿನ ರಾಶಿ ಬಂದ್ರೆ ಎದೆ ಧಸಕ್ಕನ್ನತ್ತೆ, ಅದು ಸಾರ್ಟ್ ಕೆಟ್ಟಿರೋ ಲಕ್ಷಣ. ಎಲ್ಲ ವಾಪಸಾತಿನ ಪಿನ್ ಪ್ರಕಾರ ಜೋಡಿಸಿ ನೋಡಿ, ಒಂದೇ ಪಿನ್ನಿಗೆ ಸೇರಿದ್ರೆ ಆ ಪಿನ್ ತಪ್ಪು, ಚೆಲ್ಲಾಪಿಲ್ಲಿ ಇದ್ರೆ ಲಿಸ್ಟ್ ತಪ್ಪು, ಲಿಸ್ಟಲ್ಲಿ ಅಕ್ಕಪಕ್ಕದ ಸಾಲಿನವೇ ಆಗಿದ್ರೆ ಅಲ್ಲಿಂದ ಸೆಲ್ ಜಾರಿದೆ.

ಒಂದೂ ವಾಪಸ್ ಬಂದಿಲ್ಲ ಅಂದ್ರೆ ಹಿಗ್ಗಬೇಡಿ. ಲಕೋಟೆ ಮೇಲೆ ಕಳಿಸಿದೋರ ವಿಳಾಸ ಪ್ರಿಂಟಾಗಿದೆಯಾ ನೋಡಿ, ಅದಿಲ್ಲಾಂದ್ರೆ ಪೋಸ್ಟಾಫೀಸಿನೋರು ವಾಪಸ್ ಕೊಡೋದಾದ್ರೂ ಯಾರಿಗೆ.

ಆ ತಾರೀಕಿನ ಲಕೋಟೆಗಳಲ್ಲಿ ನಲವತ್ಮೂರು ವಾಪಸ್ ಬಂದವು, ರಿಜಿಸ್ಟರ್ ನೋಡಿ ನಂಬರ್ ತಿದ್ದಿ ಅವತ್ತೇ ಮತ್ತೆ ಕಳಿಸಿದ್ವಿ. ಗಾಂಧಿ ಜಯಂತಿ ಮನೇದು ಅದರಲ್ಲಿ ಇರಲಿಲ್ಲ. ಸಭೆ ದಿನ ಆ ಸದಸ್ಯರು ಲಕೋಟೆ ತಗೊಂಡೇ ಬಂದಿದ್ರು, ಸ್ಟಿಕರ್ ಮೇಲಿನ ತಾರೀಕಿಗೆ ಪೋಸ್ಟ್‌ಮ್ಯಾನ್ ನೀಲಿ ಪೆನ್ನಲ್ಲಿ ಗೀಟು ಹಾಕಿ ಪಕ್ಕ 2/10 ಅಂತ ಬರೆದಿದ್ರು.